ಡಿಗ್ರಿ ಮುಗಿಸಿ ಅಂಗಡಿ ಕೆಲಸಕ್ಕೆ ಸೇರುವ ಮುಂಚೆ

(ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ರಿಟೇಲ್ ಅಂದರೆ ಮಾತುಗಾರರ ಕೆಲಸ ಅನ್ನುವ ನಂಬಿಕೆ ನಿಮ್ಮಲ್ಲಿ ಬಹಳ ಜನಕ್ಕಿದೆ. "ನನಗೆ ಅಷ್ಟೊಂದು ಮಾತಾಡೋಕೆ ಬರಲ್ಲ, ಅದು ನನಗಲ್ಲ" ಅಂತ ಕೆಲವರು ಹಿಂದೆ ಸರಿಯುತ್ತೀರಿ. "ನಾನು ಯಾರ ಹತ್ತಿರ ಬೇಕಾದರೂ ಮಾತಾಡ್ತೀನಿ, ಅಲ್ಲಿ ಗೆದ್ದೇ ಗೆಲ್ತೀನಿ" ಅಂತ ಇನ್ನು ಕೆಲವರು ಮುಂದೆ ಬರುತ್ತೀರಿ. ಇಬ್ಬರ ಲೆಕ್ಕವೂ ತಪ್ಪು. ಅಂಗಡಿಯಲ್ಲಿ ಐದಾರು ವರ್ಷ ನಿಂತು ಮೇಲಕ್ಕೆ ಹೋದವರನ್ನು ನೋಡಿದರೆ ಅವರಲ್ಲಿ ಹೆಚ್ಚಿನವರು ಮಾತು ಬಲ್ಲವರಲ್ಲ, ಸರಕು ಬಲ್ಲವರು. ಯಾವ ಮಾಲು ಓಡುತ್ತಿದೆ, ಯಾವುದು ಕೂತಿದೆ, ಎಷ್ಟು ಬಂತು, ಎಷ್ಟು ಇರಬೇಕಿತ್ತು, ಕಡಿಮೆ ಆದದ್ದು ಎಲ್ಲಿ ಹೋಯಿತು ಎಂದು ತಲೆಯಲ್ಲಿ ಇಟ್ಟುಕೊಂಡವರು. ಹಾಗಾಗಿ ಈ ಕೆಲಸ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವಾಗ "ನನಗೆ ಜನರ ಜೊತೆ ಮಾತಾಡೋದು ಇಷ್ಟವೇ" ಅನ್ನುವ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿಕೊಳ್ಳಿ. "ನನಗೆ ಸರಕಿನ ಲೆಕ್ಕದಲ್ಲಿ ಆಸಕ್ತಿ ಹುಟ್ಟುತ್ತದೆಯೇ" ಅನ್ನುವುದು ಮೊದಲನೆಯದು.

ಒಂದು ಅಂಗಡಿಯ ಬೆಳಗನ್ನೇ ತೆಗೆದುಕೊಳ್ಳೋಣ. ದಿನಸಿ ಸೂಪರ್‌ ಮಾರ್ಕೆಟ್ ಅಂದುಕೊಳ್ಳಿ. ಗಿರಾಕಿ ಬರುವುದಕ್ಕೆ ಒಂದೆರಡು ಗಂಟೆ ಮೊದಲೇ ಹಿಂದಿನ ಬಾಗಿಲಿಗೆ ಗಾಡಿ ಬಂದಿರುತ್ತದೆ. ಬಂದ ಮಾಲನ್ನು ಎಣಿಸಿ ಒಳಗೆ ತೆಗೆದುಕೊಳ್ಳುವ ಕೆಲಸಕ್ಕೆ ಇನ್‌ವರ್ಡ್ ಅನ್ನುತ್ತಾರೆ. ಡ್ರೈವರ್‌ಗೆ ಅವಸರ, ಇನ್ನೂ ನಾಲ್ಕು ಅಂಗಡಿಗೆ ಹೋಗಬೇಕು. ಇನ್‌ವಾಯ್ಸ್‌ನಲ್ಲಿ ಒಂದು ಬಗೆಯ ಶಾಂಪೂ 24 ಅಂತ ಇದೆ, ಡಬ್ಬ ಒಡೆದು ಎಣಿಸಿದರೆ 22. ಎಣಿಸಿದರೆ ಅಂದೆ, ಗಮನಿಸಿ. ಹೊಸಬರು ಡಬ್ಬದ ಮೇಲಿನ ಸಂಖ್ಯೆ ನೋಡಿ 24 ಅಂತಲೇ ಸಿಸ್ಟಮ್‌ನಲ್ಲಿ ಜಿಆರ್‌ಎನ್ ಹಾಕಿಬಿಡುತ್ತಾರೆ. ಜಿಆರ್‌ಎನ್ ಅಂದರೆ ಮಾಲು ಬಂದು ಮುಟ್ಟಿತು ಅನ್ನುವ ದಾಖಲೆ. ಅದರ ಮೇಲೆ ಸಹಿ ಬಿತ್ತು ಅಂದರೆ ಸರಬರಾಜುದಾರನಿಗೆ 24ರ ದುಡ್ಡು ಹೋಗುತ್ತದೆ. ಇದು ಮೊದಲ ನಷ್ಟ, ಕಣ್ಣಿಗೆ ಕಾಣುವಂಥದ್ದು.

ಎರಡನೆಯದು ಕಾಣುವುದಿಲ್ಲ. ಹತ್ತು ದಿನದಲ್ಲಿ 22 ಶಾಂಪೂವೂ ಮಾರಾಟವಾಗುತ್ತವೆ, ಶೆಲ್ಫ್ ಖಾಲಿ. ಆದರೆ ಸಿಸ್ಟಮ್ ಪ್ರಕಾರ ಇನ್ನೂ 2 ಇವೆ. ಸ್ಟಾಕ್ ಇಂತಿಷ್ಟಕ್ಕೆ ಇಳಿದರೆ ತಾನೇ ಆರ್ಡರ್ ಹಾಕು ಅಂತ ಸಿಸ್ಟಮ್‌ಗೆ ಹೇಳಿರುತ್ತಾರೆ. ನಿಧಾನವಾಗಿ ಓಡುವ ಮಾಲಿಗೆ ಆ ಮಿತಿ 1 ಅಂತ ಇದ್ದರೆ ಆರ್ಡರ್ ಹೋಗುವುದೇ ಇಲ್ಲ. ಗಿರಾಕಿ ಬಂದು ನೋಡಿ ವಾಪಸ್ ಹೋಗುತ್ತಾನೆ. "ಆ ಶಾಂಪೂ ಈಗ ಓಡುತ್ತಿಲ್ಲ" ಅಂತ ಹೆಡ್ ಆಫೀಸ್‌ನವರು ತಿಳಿಯುತ್ತಾರೆ, ಯಾಕಂದರೆ ಅವರ ಪರದೆಯ ಮೇಲೆ ಸ್ಟಾಕ್ ಇದೆ, ಮಾರಾಟ ಇಲ್ಲ. ಕೊನೆಗೆ ಸ್ಟಾಕ್ ಎಣಿಕೆಯ ದಿನ ಆ ಎರಡು ಬಾಟಲಿ ನಿಮ್ಮ ವಿಭಾಗದ ಲೆಕ್ಕದಲ್ಲಿ "ಶ್ರಿಂಕೇಜ್" ಆಗಿ, ಅಂದರೆ ಕಾಣೆಯಾದ ಮಾಲಾಗಿ ಬರುತ್ತದೆ. ಬೆಳಿಗ್ಗೆ ಒಂದು ಡಬ್ಬ ಎಣಿಸದೆ ಬಿಟ್ಟದ್ದಕ್ಕೆ ಇಷ್ಟೆಲ್ಲ.

ಕಾಣೆಯಾದ ಮಾಲಿನ ಬಗ್ಗೆ ಮ್ಯಾನೇಜರ್‌ಗಳು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಹೊಸಬರಿಗೆ ಆಶ್ಚರ್ಯ. ಲೆಕ್ಕ ಹಾಕಿ ನೋಡಿ. 200 ರೂಪಾಯಿಗೆ ಮಾರುವ ಒಂದು ಟಿನ್ ಇದೆ, ಖರೀದಿ 170. ಉಳಿಯುವ 30 ರೂಪಾಯಿಯಲ್ಲಿ ಬಾಡಿಗೆ, ಕರೆಂಟ್, ಸಂಬಳ, ಸಾಗಾಣಿಕೆ ಎಲ್ಲ ಕಳೆದು ನಿವ್ವಳ ಶೇ. 3 ಉಳಿಯಿತು ಅಂದುಕೊಂಡರೆ ಕೈಗೆ ಬರುವುದು 6 ರೂಪಾಯಿ. ಒಂದು ಟಿನ್ ಕಳುವಾದರೆ ಅದರ 170 ರೂಪಾಯಿ ಹುಟ್ಟಿಸಲು ಇನ್ನೂ ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಟಿನ್ ಮಾರಬೇಕು. ದಿನಸಿ ವ್ಯಾಪಾರದಲ್ಲಿ ಕಳ್ಳತನಕ್ಕಿಂತ ಲೆಕ್ಕದ ತಪ್ಪಿಗೇ ಹೆಚ್ಚು ಹೆದರಬೇಕು ಅನ್ನುವುದು ನನ್ನ ಅಭಿಪ್ರಾಯ. ಕಳ್ಳನನ್ನು ಕ್ಯಾಮೆರಾ ಹಿಡಿಯಬಹುದು, ಎಣಿಸದ ಡಬ್ಬವನ್ನು ಯಾವ ಕ್ಯಾಮೆರಾವೂ ಹಿಡಿಯುವುದಿಲ್ಲ.

ಅದೇ ಬೆಳಿಗ್ಗೆ ಮುಂದಿನ ಕೆಲಸ ಮಾಲನ್ನು ಶೆಲ್ಫ್‌ಗೆ ಜೋಡಿಸುವುದು. ಮೊಸರು, ಬ್ರೆಡ್, ಪನೀರ್ ಇಂಥವಕ್ಕೆ ನಿಯಮ ಒಂದೇ: ಯಾವುದರ ಅವಧಿ ಮೊದಲು ಮುಗಿಯುತ್ತದೋ ಅದು ಮುಂದೆ, ಹೊಸದು ಹಿಂದೆ. ಹೇಳಲು ಸುಲಭ. ಮಾಡುವಾಗ ಫ್ರಿಜ್‌ನಲ್ಲಿರುವ ಹಳೆಯದನ್ನೆಲ್ಲ ಹೊರತೆಗೆದು, ಹೊಸದನ್ನು ಹಿಂದಕ್ಕೆ ತಳ್ಳಿ, ಮತ್ತೆ ಹಳೆಯದನ್ನು ಮುಂದಿಡಬೇಕು. ಅವಸರದಲ್ಲಿದ್ದವನು ಹೊಸದನ್ನು ಮುಂದೆಯೇ ಒಟ್ಟಿ ಹೋಗುತ್ತಾನೆ. ಮೂರನೇ ದಿನ ಹಿಂದಿನ ಸಾಲಿನಲ್ಲಿ ಅವಧಿ ಮೀರಿದ ಪ್ಯಾಕೆಟ್‌ಗಳು ಸಿಗುತ್ತವೆ. ಅವನ್ನು "ಡಂಪ್" ಅಂತ ಬರೆದು ಎಸೆಯಬೇಕು.

ಆಮೇಲೆ ಬೆಲೆ ಚೀಟಿ. ಆಫರ್ ರಾತ್ರಿ ಹನ್ನೆರಡಕ್ಕೆ ಮುಗಿದಿದೆ, ಬಿಲ್ಲಿಂಗ್ ಮೆಷಿನ್‌ನಲ್ಲಿ ಬೆಲೆ ಬದಲಾಗಿದೆ, ಶೆಲ್ಫ್ ಮೇಲಿನ ಚೀಟಿ ಬದಲಾಗಿಲ್ಲ. "ಅಲ್ಲಿ 95 ಅಂತ ಬರೆದಿದ್ದೀರಲ್ರೀ, ಇಲ್ಲಿ 99 ಯಾಕೆ ಹಾಕ್ತೀರಿ" ಅಂತ ಗಿರಾಕಿ ಗಲ್ಲಾದ ಹತ್ತಿರ ಜಗಳಕ್ಕೆ ನಿಲ್ಲುತ್ತಾನೆ. ಬೈಸಿಕೊಳ್ಳುವವಳು ಕ್ಯಾಶಿಯರ್ ಹುಡುಗಿ. ಚೀಟಿ ಬದಲಿಸದೆ ಬಿಟ್ಟವನು ಗೋಡೌನ್‌ನಲ್ಲಿ ಆರಾಮಾಗಿರುತ್ತಾನೆ. "ಜನರ ಜೊತೆ ವ್ಯವಹರಿಸುವುದು ಕಷ್ಟ" ಅಂತ ಕ್ಯಾಶಿಯರ್‌ಗಳು ಹೇಳುವ ದೂರಿನಲ್ಲಿ ಅರ್ಧದಷ್ಟು ಇಂಥ ಸರಕಿನ ತಪ್ಪುಗಳಿಂದ ಬಂದದ್ದೇ.

ಬಟ್ಟೆ ಅಂಗಡಿಗೆ ಬನ್ನಿ, ಕಥೆ ಬೇರೆ ಥರ. ಅಲ್ಲಿ ಒಂದು ಶರ್ಟ್ ಅಂದರೆ ಒಂದು ಮಾಲಲ್ಲ; ಎಸ್, ಎಂ, ಎಲ್, ಎಕ್ಸ್‌ಎಲ್ ಅಂತ ಒಂದು ಸೆಟ್. ಎಂ ಮತ್ತು ಎಲ್ ಮೊದಲು ಖಾಲಿಯಾಗುತ್ತವೆ. ಉಳಿದ ಎಸ್ ಮತ್ತು ಎಕ್ಸ್‌ಎಲ್ ನೇತಾಡುತ್ತಾ ಇರುತ್ತವೆ. ಇದಕ್ಕೆ "ಸೈಜ್ ಕಟ್" ಅನ್ನುತ್ತಾರೆ. ರ‍್ಯಾಕ್ ತುಂಬಾ ಬಟ್ಟೆ ಇದೆ, ಆದರೆ ಮಾರುವುದಕ್ಕೆ ಏನೂ ಇಲ್ಲ ಅನ್ನುವ ಸ್ಥಿತಿ. ಜಾಣ ಸ್ಟಾಫ್ ಇದನ್ನು ಮೊದಲೇ ಗುರುತಿಸಿ ಪಕ್ಕದ ಬ್ರಾಂಚ್‌ನಿಂದ ಎಂ ತರಿಸುತ್ತಾರೆ, ಅಥವಾ ತಮ್ಮಲ್ಲಿ ಉಳಿದದ್ದನ್ನು ಒಟ್ಟಿಗೆ ಇನ್ನೊಂದು ಬ್ರಾಂಚ್‌ಗೆ ಕಳಿಸಿ ಅಲ್ಲಿ ಸೆಟ್ ಪೂರ್ತಿ ಮಾಡಿಸುತ್ತಾರೆ. ಸುಮ್ಮನಿದ್ದವರ ಮಾಲು ಸೀಸನ್ ಕೊನೆಯ ಸೇಲ್‌ನಲ್ಲಿ ಅರ್ಧ ಬೆಲೆಗೆ ಹೋಗುತ್ತದೆ.

ಈಗ ಮಾರಾಟದ ಲೆಕ್ಕ. ಅಂಗಡಿಯೊಳಗೆ ದಿನಕ್ಕೆ 400 ಜನ ಬಂದರು, 100 ಬಿಲ್ ಆಯಿತು ಅಂದರೆ ಕನ್ವರ್ಶನ್ ಶೇ. 25. ಒಂದು ಬಿಲ್‌ನ ಸರಾಸರಿ 900 ರೂಪಾಯಿ, ದಿನದ ವ್ಯಾಪಾರ 90,000. ಜನರನ್ನು ಹೆಚ್ಚು ತರಿಸುವುದು ನಿಮ್ಮ ಕೈಯಲ್ಲಿಲ್ಲ, ಅದು ಜಾಹೀರಾತು, ಜಾಗ, ಹಬ್ಬಕ್ಕೆ ಬಿಟ್ಟದ್ದು. ನಿಮ್ಮ ಕೈಯಲ್ಲಿರುವುದು ಬರಿಗೈಯಲ್ಲಿ ಹೋದ 300 ಜನ. ಅವರಲ್ಲಿ 12 ಜನರನ್ನು ಉಳಿಸಿಕೊಂಡರೆ ಶೇ. 28 ಆಯಿತು, ವ್ಯಾಪಾರ ಒಂದು ಲಕ್ಷದ ಗೆರೆ ದಾಟಿತು. ಅವರು ಯಾಕೆ ಹೋದರು ಅಂತ ಒಂದು ವಾರ ಬರೆದಿಟ್ಟು ನೋಡಿ: ಸೈಜ್ ಇಲ್ಲ, ಬೆಲೆ ಚೀಟಿ ಇಲ್ಲ, ತೋರಿಸಿದ ಮಾಲು ಗೋಡೌನ್‌ನಲ್ಲಿ ಸಿಗಲಿಲ್ಲ, ಟ್ರಯಲ್ ರೂಮ್ ಮುಂದೆ ಸಾಲು. ನಾಲ್ಕರಲ್ಲಿ ಮೂರು ಸರಕಿನ ಮಾತು. ಚೆನ್ನಾಗಿ ಮಾತಾಡುವವನು ಮೂರು ಜನರನ್ನು ಉಳಿಸಬಹುದು; ಎಂ ಸೈಜ್ ಎಲ್ಲಿದೆ ಅಂತ ಗೊತ್ತಿರುವವನು ಹತ್ತು ಜನರನ್ನು ಉಳಿಸುತ್ತಾನೆ.

ಇಷ್ಟು ಹೊತ್ತು ತಲೆಯ ಕೆಲಸ ಹೇಳಿದೆ. ಇನ್ನು ಕಾಲಿನ ಕೆಲಸ. ಇದನ್ನು ಯಾರೂ ಇಂಟರ್‌ವ್ಯೂನಲ್ಲಿ ಹೇಳುವುದಿಲ್ಲ. ಊಟದ ಬಿಡುವು ಬಿಟ್ಟರೆ ಎಂಟು ಗಂಟೆ ನಿಂತೇ ಇರಬೇಕು. ಮೊದಲ ತಿಂಗಳಲ್ಲೇ ಬಿಟ್ಟು ಹೋಗುವವರಲ್ಲಿ ಅನೇಕರು ಬಿಡುವುದು ಮ್ಯಾನೇಜರ್ ಕಾಟಕ್ಕಲ್ಲ, ಹಿಮ್ಮಡಿ ನೋವಿಗೆ. ಸೇರುವುದಾದರೆ ಮೊದಲ ಸಂಬಳಕ್ಕೆ ಕಾಯದೆ ಒಳ್ಳೆಯ ಮೆತ್ತನೆಯ ಅಟ್ಟೆಯ ಶೂ ತೆಗೆದುಕೊಳ್ಳಿ, ಫಾರ್ಮಲ್ ಶೂ ಅಂತ ಗಟ್ಟಿ ಅಟ್ಟೆಯದನ್ನು ತರಬೇಡಿ. ಕಾಲಿನ ನರ ಉಬ್ಬುವ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಒಮ್ಮೆ ಡಾಕ್ಟರ್ ಹತ್ತಿರ ಮಾತಾಡಿಯೇ ಸೇರಿ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪಕ್ಕದ ಕೇರಳದಲ್ಲಿ ಕೋಯಿಕ್ಕೋಡ್‌ನ ಮಿಠಾಯಿ ಬೀದಿಯ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು "ಕೂರುವ ಹಕ್ಕು" ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ದಿನವಿಡೀ ಕೂರುವಂತಿರಲಿಲ್ಲ, ಶೌಚಾಲಯಕ್ಕೆ ಹೋಗುವುದೂ ಕಷ್ಟವಾಗಿತ್ತು. 2018ರಲ್ಲಿ ಕೇರಳ ಕಾನೂನು ತಿದ್ದಿತು, 2021ರಲ್ಲಿ ತಮಿಳುನಾಡು ಕೂಡ ಅಂಗಡಿಗಳಲ್ಲಿ ಕೆಲಸಗಾರರಿಗೆ ಆಸನ ಇಡಬೇಕು ಅಂತ ಕಾನೂನು ಮಾಡಿತು. ಒಂದು ಸ್ಟೂಲಿಗಾಗಿ ಎರಡು ರಾಜ್ಯಗಳಲ್ಲಿ ಶಾಸನ ಬೇಕಾಯಿತು. ನೀವು ಸೇರುವ ಅಂಗಡಿಗೆ ಇಂಟರ್‌ವ್ಯೂಗೆ ಹೋದಾಗ ಬಿಲ್ಲಿಂಗ್ ಕೌಂಟರ್ ಹಿಂದೆ ಸ್ಟೂಲ್ ಇದೆಯೇ, ಸ್ಟಾಫ್ ಶೌಚಾಲಯ ಎಲ್ಲಿದೆ ಅಂತ ಸುಮ್ಮನೆ ಕಣ್ಣಾಡಿಸಿ. ಆ ಸಂಸ್ಥೆ ತನ್ನ ಜನರನ್ನು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದು ಅವರ ವೆಬ್‌ಸೈಟ್‌ಗಿಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ವೇಳೆಯ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಮೂಲ ನಿಯಮ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಅದರ ಮೇಲೆ ಕೆಲಸ ಮಾಡಿಸಿದರೆ ಎರಡು ಪಟ್ಟು ಕೂಲಿ. ಐದು ಗಂಟೆ ಸತತ ಕೆಲಸವಾದ ಮೇಲೆ ಒಂದು ಗಂಟೆ ಬಿಡುವು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿಗಳು ದಿನವಿಡೀ ತೆರೆದಿರಬಹುದು ಅಂತ 2021ರಲ್ಲಿ ಸರ್ಕಾರ ಆದೇಶ ಮಾಡಿದಾಗ ರಾತ್ರಿ 8ರ ನಂತರ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ, ಭದ್ರತೆ, ಮನೆಗೆ ಹೋಗಲು ವಾಹನ ಬೇಕು ಅಂತ ಷರತ್ತು ಹಾಕಿತ್ತು. ಕಾಗದದ ಮೇಲೆ ಇಷ್ಟಿದೆ. ನಡೆಯುವುದು ಹೇಗೆ? ರಾತ್ರಿ 10ಕ್ಕೆ ಶಟರ್ ಇಳಿಯುತ್ತದೆ, ಆಮೇಲೆ ಗಲ್ಲಾ ತಾಳೆ, ಆಮೇಲೆ ಹ್ಯಾಂಗರ್ ಎತ್ತಿಡುವುದು, ಆಮೇಲೆ ಗೇಟ್‌ನಲ್ಲಿ ಬ್ಯಾಗ್ ತಪಾಸಣೆ. ಹೊರಗೆ ಬರುವಾಗ 10.45. ಆ ಮುಕ್ಕಾಲು ಗಂಟೆ ಹಾಜರಿ ಮೆಷಿನ್‌ನಲ್ಲಿ ದಾಖಲಾಗುತ್ತದೆಯೋ ಇಲ್ಲವೋ ಅನ್ನುವುದನ್ನು ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರಿಂದಲೇ ಕೇಳಿ ತಿಳಿಯಿರಿ, ಎಚ್‌ಆರ್‌ನಿಂದಲ್ಲ.

ರಜೆಯ ಮಾತು ಇನ್ನೂ ಮುಖ್ಯ, ಯಾಕಂದರೆ ಬಹಳ ಮನೆಗಳಲ್ಲಿ ಜಗಳ ಶುರುವಾಗುವುದು ಇಲ್ಲೇ. ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತದೆ, ಶನಿವಾರ ಭಾನುವಾರ ಬರುವುದಿಲ್ಲ. ವರ್ಷದ ಲೆಕ್ಕವೂ ಹಾಗೆಯೇ. ನಮ್ಮಲ್ಲಿ ಆಷಾಢಕ್ಕೆ ಮದುವೆ ಮುಂಜಿ ಇಲ್ಲ, ಬಟ್ಟೆ ವ್ಯಾಪಾರ ಮಲಗುತ್ತದೆ ಅಂತ ಅಂಗಡಿಗಳು ಆಷಾಢ ಸೇಲ್ ಶುರು ಮಾಡಿದವು. ಈಗ ಆ ತಿಂಗಳೇ ನೂಕುನುಗ್ಗಲು. ಆಷಾಢ ಮುಗಿಯುವಷ್ಟರಲ್ಲಿ ಶ್ರಾವಣ, ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ, ದೀಪಾವಳಿ. ಈ ನಾಲ್ಕು ತಿಂಗಳು ರಜೆ ಕೇಳಬೇಡಿ ಅನ್ನುತ್ತಾರೆ, ಕೇಳಿದರೂ ಸಿಗುವುದಿಲ್ಲ. ಒಡವೆ ಅಂಗಡಿಯಾದರೆ ಇದರ ಜೊತೆ ಅಕ್ಷಯ ತೃತೀಯ ಸೇರಿಸಿಕೊಳ್ಳಿ. ತಂಗಿಯ ಮದುವೆ ಕಾರ್ತಿಕದಲ್ಲಿ ಇಟ್ಟುಕೊಂಡರೆ ಅನುಕೂಲ ಅಂತ ಮನೆಯವರಿಗೆ ಹೇಳಬೇಕಾದೀತು! ನಗಬೇಡಿ, ಇದನ್ನು ಮುಂಚೆಯೇ ಮನೆಯಲ್ಲಿ ಮಾತಾಡಿಕೊಂಡವರು ಉಳಿಯುತ್ತಾರೆ.

ಸಂಬಳಕ್ಕೆ ಬರೋಣ. ಸಂಸ್ಥೆಯವರು "ಸಿಟಿಸಿ ಇಪ್ಪತ್ತು ಸಾವಿರದ ಮೇಲೆ" ಅನ್ನುತ್ತಾರೆ. ಸಿಟಿಸಿ ಅಂದರೆ ನಿಮಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು, ಅದು ಕೈಗೆ ಬರುವ ದುಡ್ಡಲ್ಲ. ಬೋರ್ಡ್ ಮೇಲೆ ಒಂದು ಉದಾಹರಣೆ ಬರೆಯುತ್ತೇನೆ. ಬೇಸಿಕ್ 12,000, ಮನೆ ಬಾಡಿಗೆ ಭತ್ಯೆ 6,000, ಒಟ್ಟು 18,000. ಸಂಸ್ಥೆಯ ಪಾಲಿನ ಪಿಎಫ್ ಬೇಸಿಕ್‌ನ ಶೇ. 12, ಅಂದರೆ 1,440. ಸಂಸ್ಥೆಯ ಪಾಲಿನ ಇಎಸ್‌ಐ 18,000ದ ಶೇ. 3.25, ಅಂದರೆ 585. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ ಅಂತ ಸುಮಾರು 577. ಎಲ್ಲ ಕೂಡಿದರೆ ಸಿಟಿಸಿ 20,602. ಈಗ ನಿಮ್ಮ ಕೈಗೆ: 18,000ದಲ್ಲಿ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ ಶೇ. 0.75ರಂತೆ 135 ಕಳೆಯಿರಿ. 16,425. ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ವ್ಯತ್ಯಾಸ. ಇದರಲ್ಲಿ ಮೋಸ ಇಲ್ಲ, ಪಿಎಫ್ ನಿಮ್ಮದೇ ಉಳಿತಾಯ. ಇಎಸ್‌ಐ ಇದ್ದರೆ ಆಸ್ಪತ್ರೆಯ ಖರ್ಚಿಗೆ ಒಂದು ಆಸರೆ. ಆದರೆ ಕಾಯಂ ನೌಕರರಿಗೆ ಗ್ರಾಚ್ಯುಟಿ ಕೈಗೆ ಬರುವುದು ಐದು ವರ್ಷ ತುಂಬಿದ ಮೇಲೆ. ಬೆಂಗಳೂರಿಗೆ ಬಂದು ಪಿಜಿಯಲ್ಲಿದ್ದು ದುಡಿಯುವ ಯೋಚನೆ ಇದ್ದರೆ ಬಜೆಟ್ ಹಾಕಬೇಕಾದದ್ದು 16,425ರ ಮೇಲೆ. ಪಿಜಿ, ಬಸ್, ಊಟ ಕಳೆದು ಏನೂ ಉಳಿಯದಿದ್ದರೆ ನಿಮ್ಮ ಊರಿನ ಹತ್ತಿರದ ಬ್ರಾಂಚ್‌ನಲ್ಲಿ ಒಂದೆರಡು ಸಾವಿರ ಕಡಿಮೆಗೆ ಸೇರುವುದೇ ಲಾಭ. ದೊಡ್ಡ ಚೈನ್‌ಗಳು ಈಗ ಹಾಸನ, ಶಿವಮೊಗ್ಗ, ದಾವಣಗೆರೆಯಂಥ ಊರುಗಳಲ್ಲೂ ಇವೆ.

ಇನ್ಸೆಂಟಿವ್ ಅಂತ ಇನ್ನೊಂದು ಆಸೆ ತೋರಿಸುತ್ತಾರೆ. ಅದಕ್ಕೆ ಎರಡೇ ಪ್ರಶ್ನೆ ಕೇಳಿ. ಟಾರ್ಗೆಟ್ ಶೇ. 95 ಮುಟ್ಟಿದರೆ ಏನಾದರೂ ಬರುತ್ತದೆಯೋ ಅಥವಾ ಶೇ. 100 ಆಗದಿದ್ದರೆ ಸೊನ್ನೆಯೋ? ಕಳೆದ ಆರು ತಿಂಗಳಲ್ಲಿ ಈ ಅಂಗಡಿ ಎಷ್ಟು ತಿಂಗಳು ಟಾರ್ಗೆಟ್ ಮುಟ್ಟಿದೆ? ಎರಡನೆಯದಕ್ಕೆ ನೇರ ಉತ್ತರ ಬರದಿದ್ದರೆ ಇನ್ಸೆಂಟಿವ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಕ್ಯಾಶಿಯರ್ ಆಗುವವರಿಗೆ ಒಂದು ಮಾತು. ಬೆಳಿಗ್ಗೆ ಕೊಡುವ ಚಿಲ್ಲರೆ ದುಡ್ಡನ್ನು ನೋಟುಗಳ ಲೆಕ್ಕದಲ್ಲಿ ಎಣಿಸಿ, ಬರೆದು, ಸಹಿ ಮಾಡಿಯೇ ತೆಗೆದುಕೊಳ್ಳಿ. ಊಟಕ್ಕೆ ಹೋಗುವಾಗ ಲಾಗ್ ಔಟ್ ಆಗದೆ "ಐದು ನಿಮಿಷ ನೋಡ್ಕೋ" ಅಂತ ಗೆಳತಿಗೆ ಬಿಟ್ಟು ಹೋಗಬೇಡಿ. ರಾತ್ರಿ 500 ಕಡಿಮೆ ಬಂದರೆ ನಿಮ್ಮ ಐಡಿಯಲ್ಲಿ ಬರುತ್ತದೆ. ಯುಪಿಐ ಪಾವತಿಗೆ ಗಿರಾಕಿಯ ಮೊಬೈಲ್ ಪರದೆಯನ್ನು ನಂಬಬೇಡಿ, ನಿಮ್ಮ ಮೆಷಿನ್‌ನಲ್ಲಿ ಬಂದದ್ದೇ ಪಾವತಿ. ಗಲ್ಲಾದಲ್ಲಿ ಕಡಿಮೆ ಬಿದ್ದ ದುಡ್ಡನ್ನು ಸಂಬಳದಲ್ಲಿ ಹಿಡಿಯಬೇಕಾದರೆ ಅದು ನಿಮ್ಮ ನಿರ್ಲಕ್ಷ್ಯದಿಂದ ಆಗಿರಬೇಕು, ಮೊದಲು ನಿಮ್ಮ ವಿವರಣೆ ಕೇಳಬೇಕು ಅನ್ನುವುದು ವೇತನ ಕಾನೂನಿನ ನಿಯಮ. "ಎಲ್ಲರಿಂದ ಇನ್ನೂರು ಇನ್ನೂರು ಹಿಡೀತೀವಿ" ಅನ್ನುವುದು ನಿಯಮವಲ್ಲ.

ಇನ್ನು ಆಫರ್ ಲೆಟರ್ ಯಾರ ಹೆಸರಿನಲ್ಲಿದೆ ನೋಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಿಮಗೆ ಟಿವಿ ತೋರಿಸುವ ಹುಡುಗ ಅನೇಕ ಸಲ ಆ ಅಂಗಡಿಯ ನೌಕರನೇ ಅಲ್ಲ. ಟಿವಿ ಕಂಪನಿಯ ಪರವಾಗಿ ನಿಂತಿರುವ ಪ್ರಮೋಟರ್. ಅವನ ಸಂಬಳ ಬರುವುದು ಮೂರನೆಯ ಒಂದು ಏಜೆನ್ಸಿಯಿಂದ. ಕೈಗೆ ಬರುವ ದುಡ್ಡು ಅಂಗಡಿಯ ನೌಕರನಿಗಿಂತ ಹೆಚ್ಚಿರಬಹುದು, ಹಬ್ಬದ ತಿಂಗಳಲ್ಲಂತೂ ಚೆನ್ನಾಗಿರುತ್ತದೆ. ಆದರೆ ಅವನು ಇನ್‌ವರ್ಡ್ ನೋಡುವುದಿಲ್ಲ, ಸ್ಟಾಕ್ ಎಣಿಸುವುದಿಲ್ಲ, ಯಾರಿಗೆ ಯಾವ ಪಾಳಿ ಅನ್ನುವ ರೋಸ್ಟರ್ ಹಾಕುವುದಿಲ್ಲ. ಮೂರು ವರ್ಷ ಕಳೆದರೂ ಒಂದು ಬ್ರಾಂಡಿನ ಟಿವಿ ಮಾರುವುದು ಮಾತ್ರ ಗೊತ್ತಿರುತ್ತದೆ. ವರ್ಷ ಎರಡು ವರ್ಷ ದುಡಿದು ಬೇರೆ ಓದಿಗೆ ಹೋಗುವವರಿಗೆ ಪ್ರಮೋಟರ್ ಕೆಲಸ ಸರಿ. ರಿಟೇಲ್‌ನಲ್ಲೇ ಬೆಳೆಯಬೇಕು ಅನ್ನುವವರು ಅಂಗಡಿಯ ಸ್ವಂತ ನೌಕರರಾಗಿ ಸೇರಿ.

ಬೆಳೆಯುವುದು ಅಂದರೆ ಎಲ್ಲಿಗೆ? ಅಂಗಡಿಯ ಏಣಿ ನಿಮಗೆ ಗೊತ್ತಿರಬಹುದು: ಅಸೋಸಿಯೇಟ್, ಸೀನಿಯರ್, ವಿಭಾಗದ ಮ್ಯಾನೇಜರ್, ಸ್ಟೋರ್ ಮ್ಯಾನೇಜರ್, ಮೇಲೆ ನಾಲ್ಕೈದು ಅಂಗಡಿ ನೋಡಿಕೊಳ್ಳುವ ಕ್ಲಸ್ಟರ್ ಅಥವಾ ಏರಿಯಾ ಮ್ಯಾನೇಜರ್. ಕಾಣದ ಇನ್ನೊಂದು ಏಣಿ ಹೆಡ್ ಆಫೀಸ್‌ನದು. ಯಾವ ಮಾಲು ಕೊಳ್ಳಬೇಕು ಅನ್ನುವ ಬೈಯಿಂಗ್, ಯಾವ ಅಂಗಡಿಗೆ ಎಷ್ಟು ಹಂಚಬೇಕು ಅನ್ನುವ ಪ್ಲಾನಿಂಗ್, ಶೆಲ್ಫ್‌ನಲ್ಲಿ ಹೇಗೆ ಜೋಡಿಸಬೇಕು ಅನ್ನುವ ವಿಷುವಲ್ ಮರ್ಚಂಡೈಸಿಂಗ್, ಸಾಗಾಣಿಕೆ, ನಷ್ಟ ತಡೆಯುವ ವಿಭಾಗ, ಹೊಸ ಅಂಗಡಿಗೆ ಜಾಗ ಹುಡುಕುವ ತಂಡ. ಈ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಸರಿಯಾಗಿ ಬಳಸಿಕೊಂಡಿಲ್ಲ. ಟಾಟಾದವರು 1998ರಲ್ಲಿ ಬೆಂಗಳೂರಿನಲ್ಲಿದ್ದ ಲಿಟಲ್‌ವುಡ್ಸ್ ಅಂಗಡಿಯನ್ನು ಕೊಂಡು ಅದನ್ನೇ ವೆಸ್ಟ್‌ಸೈಡ್ ಮಾಡಿದರು. ಮೆಟ್ರೋ ಭಾರತದಲ್ಲಿ ಮೊದಲ ಸಗಟು ಮಳಿಗೆಯನ್ನು 2003ರಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಟೈಟಾನ್, ಡೆಕಾಥ್ಲಾನ್ ಇಂಡಿಯಾ, ಬಿಗ್‌ಬ್ಯಾಸ್ಕೆಟ್, ಫ್ಲಿಪ್‌ಕಾರ್ಟ್, ಮಿಂತ್ರಾ ಇವುಗಳ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಅಮೆರಿಕದ ಟಾರ್ಗೆಟ್, ಲೋವ್ಸ್, ಬ್ರಿಟನ್ನಿನ ಟೆಸ್ಕೊ ಸಂಸ್ಥೆಗಳಿಗೆ ಇಲ್ಲಿ ತಮ್ಮ ಹೆಸರಿನ ಒಂದು ಅಂಗಡಿಯೂ ಇಲ್ಲ, ಆದರೆ ಅವುಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿವೆ.

ಈ ಕಚೇರಿಗಳಿಗೆ ನೇರ ಸೇರುವವರು ಹೆಚ್ಚಾಗಿ ಎಂಬಿಎ ಅಥವಾ ಎಂಜಿನಿಯರಿಂಗ್ ಓದಿದವರು, ಫ್ಯಾಷನ್ ಆದರೆ ನಿಫ್ಟ್ ಅನ್ನುವ ಫ್ಯಾಷನ್ ಸಂಸ್ಥೆಯಲ್ಲಿ ಓದಿದವರು. ಬರೀ ಬಿ.ಕಾಂ. ಆದವರಿಗೆ ದಾರಿ ಅಂಗಡಿಯ ಮೂಲಕ. ಎರಡು ಮೂರು ವರ್ಷ ಫ್ಲೋರ್‌ನಲ್ಲಿದ್ದು, ಒಳಗಿನ ಹುದ್ದೆ ಖಾಲಿಯಾದಾಗ ಅರ್ಜಿ ಹಾಕುವುದು. ಆಗ ಕೇಳುವುದು ಎರಡನ್ನು: ಸರಕಿನ ತಿಳಿವಳಿಕೆ ಮತ್ತು ಎಕ್ಸೆಲ್. ಎಕ್ಸೆಲ್ ಅಂದರೆ ಟೇಬಲ್ ಹಾಕುವುದಲ್ಲ. ಎರಡು ಪಟ್ಟಿಗಳನ್ನು ಹೋಲಿಸಿ ವ್ಯತ್ಯಾಸ ಹುಡುಕುವ ವಿ-ಲುಕಪ್, ಸಾವಿರ ಸಾಲಿನ ಮಾರಾಟದ ಪಟ್ಟಿಯನ್ನು ವಿಭಾಗವಾರು ಒಟ್ಟು ಮಾಡುವ ಪಿವೋಟ್ ಟೇಬಲ್, ಇಷ್ಟು ಬಂದರೂ ಸಾಕು. ಕೊನೆಯ ಸೆಮಿಸ್ಟರ್ ರಜೆಯಲ್ಲಿ ಕಲಿಯಬಹುದು. ಪದವಿಯ ಜೊತೆಯಲ್ಲೇ ಅಪ್ರೆಂಟಿಸ್ ಆಗಿ ಅಂಗಡಿಯಲ್ಲಿ ತರಬೇತಿ ಕೊಡುವ ರಿಟೇಲ್ ಕೋರ್ಸ್‌ಗಳೂ ಬಂದಿವೆ. ನಿಮ್ಮ ತಮ್ಮ ತಂಗಿಯರು ಈಗ ಪಿಯುಸಿಯಲ್ಲಿದ್ದರೆ ಅವರಿಗೆ ಹೇಳಿ. ನೀವು ಡಿಗ್ರಿ ಮುಗಿಸಿದ ಮೇಲೂ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬಹುದು.

ಈ ಕ್ಷೇತ್ರ ಭದ್ರವೇ ಅಂತ ಕೇಳುತ್ತೀರಿ. ಸಂಸ್ಥೆ ಭದ್ರವಲ್ಲ. 2001ರಲ್ಲಿ ಶುರುವಾಗಿ ದೇಶದ ಮನೆಮಾತಾಗಿದ್ದ ಬಿಗ್ ಬಜಾರ್‌ನ ಮಳಿಗೆಗಳು 2022ರಲ್ಲಿ ಬಾಡಿಗೆ ಬಾಕಿಯಿಂದಾಗಿ ಕೈತಪ್ಪಿದವು, ಅದೇ ವರ್ಷ ಅದನ್ನು ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಹಾಗಾಗಿ ಬೋರ್ಡ್ ಮೇಲಿನ ಹೆಸರನ್ನು ನಂಬಿ ಸೇರಬೇಡಿ. ಆದರೆ ಇನ್‌ವರ್ಡ್, ಎಣಿಕೆ, ಮರು ಆರ್ಡರ್ ಬಲ್ಲವರ ಕೆಲಸ ಬೇರೆ ಬೋರ್ಡಿನ ಕೆಳಗೂ ನಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಮನೆಗೆ ಸಾಮಾನು ತರುವವರ ಡಾರ್ಕ್ ಸ್ಟೋರ್‌ಗಳಿವೆಯಲ್ಲ, ಅಲ್ಲಿ ಗಿರಾಕಿಯೇ ಬರುವುದಿಲ್ಲ, ಮಾತಿಗೆ ಕೆಲಸವೇ ಇಲ್ಲ. ಆದರೂ ಸ್ಟಾಕ್ ತಪ್ಪಿದರೆ ಆರ್ಡರ್ ರದ್ದಾಗುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸರಕಿನ ಲೆಕ್ಕ ಕಲಿತವರಿಗೆ ಅಲ್ಲೂ ಜಾಗ ಇದೆ. ಆದರೆ ಆರ್ಡರ್ ಬಂದ ಸಾಮಾನನ್ನು ಶೆಲ್ಫ್‌ನಿಂದ ಹೆಕ್ಕಿ ತರುವ ಪಿಕ್ಕರ್ ಕೆಲಸಕ್ಕೆ ಡಿಗ್ರಿ ಮುಗಿಸಿದವರು ಹೋಗಬೇಡಿ. ಅದು ಸೆಕೆಂಡುಗಳ ಲೆಕ್ಕದಲ್ಲಿ ಓಡುವ ಕೆಲಸ, ಕಲಿಯುವುದು ಕಡಿಮೆ.

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಕಿರಾಣಿ ಅಂಗಡಿಯೋ ಬಟ್ಟೆ ಅಂಗಡಿಯೋ ಇರುತ್ತದೆ. "ಅಪ್ಪನ ಅಂಗಡಿ ಬಿಟ್ಟು ಇನ್ನೊಬ್ಬರ ಅಂಗಡೀಲಿ ಯಾಕೆ" ಅಂತ ಕೇಳುತ್ತೀರಿ. ಎರಡು ವರ್ಷ ಹೋಗಿ ಅನ್ನುತ್ತೇನೆ, ಒಂದೇ ಒಂದು ಲೆಕ್ಕ ಕಲಿಯುವುದಕ್ಕೆ. ಅಂಗಡಿಯಲ್ಲಿ 3 ಲಕ್ಷದ ಮಾಲಿದೆ, ತಿಂಗಳಿಗೆ ಖರೀದಿ ಬೆಲೆಯಲ್ಲಿ 2 ಲಕ್ಷದ ಮಾಲು ಹೊರಗೆ ಹೋಗುತ್ತದೆ ಅಂದರೆ ವರ್ಷಕ್ಕೆ 24 ಲಕ್ಷ, ಹೂಡಿದ ದುಡ್ಡು ಎಂಟು ಸಲ ತಿರುಗುತ್ತದೆ. ಆ 3 ಲಕ್ಷದಲ್ಲಿ ಆರು ತಿಂಗಳಿಂದ ಕದಲದ ಮಾಲು 1 ಲಕ್ಷದ್ದು ಇದ್ದರೆ ಅದನ್ನು ಗುರುತಿಸಿ, ನಷ್ಟಕ್ಕಾದರೂ ಮಾರಿ, ಓಡುವ ಮಾಲಿಗೆ ಹಾಕಿದರೆ ಅದೇ ಜಾಗ, ಅದೇ ಬಂಡವಾಳದಲ್ಲಿ ವ್ಯಾಪಾರ ಬೆಳೆಯುತ್ತದೆ. ಅಪ್ಪನಿಗೆ ಗಿರಾಕಿಯ ಮುಖ, ಉದ್ರಿ ಪುಸ್ತಕ ಚೆನ್ನಾಗಿ ಗೊತ್ತು. ಕೂತ ಮಾಲನ್ನು ನಷ್ಟಕ್ಕೆ ಮಾರುವ ಧೈರ್ಯ ಮಾತ್ರ ಬರುವುದಿಲ್ಲ. ಚೈನ್ ಅಂಗಡಿಯಲ್ಲಿ ಅದನ್ನು ದಿನಾ ನೋಡುತ್ತೀರಿ.

ಹಾಗಾದರೆ ತೀರ್ಮಾನ ಹೇಗೆ? ಒಂದು ಪರೀಕ್ಷೆ ಹೇಳುತ್ತೇನೆ, ದುಡ್ಡು ಖರ್ಚಿಲ್ಲ. ಹತ್ತಿರದ ಯಾವುದಾದರೂ ಸೂಪರ್ ಮಾರ್ಕೆಟ್‌ಗೆ ಮಂಗಳವಾರ ಬೆಳಿಗ್ಗೆ 11ಕ್ಕೆ ಹೋಗಿ. ಒಂದೇ ಒಂದು ಶೆಲ್ಫ್ ಆರಿಸಿಕೊಳ್ಳಿ, ಬಿಸ್ಕತ್ತಿನದು ಅಂದುಕೊಳ್ಳಿ. ಫೋಟೋ ತೆಗೆಯಬೇಡಿ, ಅಲ್ಲಿಯವರಿಗೆ ಅನುಮಾನ ಬರುತ್ತದೆ. ಎಲ್ಲಿ ಖಾಲಿ, ಯಾವ ಪ್ಯಾಕಿಗೆ ಚೀಟಿ ಇಲ್ಲ, ಕಣ್ಣಿನ ಮಟ್ಟದಲ್ಲಿ ಯಾವ ಬ್ರಾಂಡು, ಕೆಳಗಿನ ಸಾಲಿನಲ್ಲಿ ಯಾವುದು ಅಂತ ಮನಸ್ಸಿನಲ್ಲಿಟ್ಟು ಹೊರಗೆ ಬಂದು ಬರೆಯಿರಿ. ಭಾನುವಾರ ಸಂಜೆ 7ಕ್ಕೆ ಮತ್ತೆ ಹೋಗಿ ಅದೇ ಶೆಲ್ಫ್ ನೋಡಿ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ನಿಮಗೇ ಕುತೂಹಲ ಹುಟ್ಟಿದರೆ, ಆ ಖಾಲಿ ಜಾಗ ನೋಡಿ ಕೈ ತುರಿಸಿದರೆ, ಈ ಕೆಲಸ ನಿಮಗೆ ಹಿಡಿಸುತ್ತದೆ. "ಬಿಸ್ಕತ್ತು ನೋಡೋಕೆ ಎರಡು ಸಲ ಬರಬೇಕಾ" ಅನ್ನಿಸಿದರೆ ಈ ಕೆಲಸದ ಆಸೆ ಬಿಡಿ, ಅದರಲ್ಲಿ ಅವಮಾನ ಏನಿಲ್ಲ. ಎರಡನೆಯ ಹಂತ, ಆಷಾಢದಿಂದ ದೀಪಾವಳಿವರೆಗೆ ಅಂಗಡಿಗಳು ಸೀಸನ್‌ಗೆ ತಾತ್ಕಾಲಿಕ ಜನರನ್ನು ತೆಗೆದುಕೊಳ್ಳುತ್ತವೆ. ಎರಡು ತಿಂಗಳು ಮಾಡಿ ನೋಡಿ. ಬಿಲ್ಲಿಂಗ್‌ಗೆ ಹಾಕುತ್ತೇವೆ ಅಂದರೂ ಗೋಡೌನ್‌ಗೆ ಹಾಕಿ ಅಂತ ಕೇಳಿ.

ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ನಿಮ್ಮಲ್ಲಿ ಅನೇಕರದ್ದು: ಪಿಡಿಒ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆಗೆ ಓದುತ್ತಾ ಈ ಕೆಲಸ ಮಾಡಬಹುದೇ? ಪೂರ್ಣಾವಧಿ ಕೆಲಸದ ಜೊತೆ ಆಗುವುದಿಲ್ಲ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ 11ಕ್ಕೆ ಮನೆ, ಓದಿನ ವೇಳೆ ಯಾವತ್ತೂ ಕೂಡಿ ಬರುವುದಿಲ್ಲ. ಪರೀಕ್ಷೆಯೂ ಹೋಗಿ, ಅಂಗಡಿಯಲ್ಲೂ ಅರೆಮನಸ್ಸಿನವನು ಅನ್ನಿಸಿಕೊಳ್ಳುತ್ತೀರಿ. ಓದಲೇಬೇಕು, ಖರ್ಚಿಗೂ ದುಡ್ಡು ಬೇಕು ಅಂದರೆ ಶನಿವಾರ ಭಾನುವಾರ ಮಾತ್ರ ಬರುವ ಪಾರ್ಟ್‌ಟೈಮ್ ಹುದ್ದೆ ಕೇಳಿ. ಆ ಎರಡು ದಿನ ಅಂಗಡಿಗಳಿಗೆ ಜನ ಸಾಲದು, ಹಾಗಾಗಿ ನೀವು ಕೇಳಿದ್ದು ಸಿಗುವ ಸಾಧ್ಯತೆ ಇದೆ. ಎಷ್ಟು ಗಂಟೆ, ಗಂಟೆಗೆ ಎಷ್ಟು, ಪಿಎಫ್ ಇದೆಯೇ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮುಂದೆ ಪೂರ್ಣಾವಧಿಗೆ ಸೇರಿದರೆ ನಿಮ್ಮ ಪಿಎಫ್‌ನ ಅದೇ ಯುಎಎನ್ ಸಂಖ್ಯೆಯನ್ನು ಕೊಡಿ. ಇಲ್ಲದಿದ್ದರೆ ಎರಡು ಪಿಎಫ್ ಖಾತೆಯಾಗಿ, ಹಳೆಯ ದುಡ್ಡನ್ನು ವರ್ಗಾಯಿಸಿಕೊಳ್ಳಲು ಓಡಾಡಬೇಕಾಗುತ್ತದೆ.